ವಾರ್ಡನ್‌ಗೆ ಫೋನ್ ಮಾಡಿದ್ದು ನಾನೇ

ಪುಟ್ಟಿ,

ಹೌದು, ಹಾಸ್ಟೆಲ್ ವಾರ್ಡನ್‌ಗೆ ಫೋನ್ ಮಾಡಿ ನಿನ್ನ ಡಿಸ್ಪ್ರಾಕ್ಸಿಯಾ, ಅದೇ ಕೈಕಾಲು ಹೇಳಿದ ಹಾಗೆ ಕೇಳದ ತೊಡಕಿನ ವಿಷಯ, ಹೇಳಿದ್ದು ನಾನೇ. ಅಮ್ಮನ ಮೇಲೆ ಸಿಟ್ಟು ಬೇಡ, ಅವಳಿಗೆ ಗೊತ್ತೇ ಇರಲಿಲ್ಲ. ಅವರು ವಾಪಸ್ ಫೋನ್ ಮಾಡಿ "ಕೆಳಗಿನ ರೂಮೇ ಕೊಡ್ತೀವಿ, ಪಾಪ" ಅನ್ನುವಾಗ ಎತ್ತಿದ್ದು ನೀನಾಗಬೇಕೇ? ಮರುದಿನ ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದವಳು ಬಾಯಿ ಬಿಡಲಿಲ್ಲ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರದ ಮೇಲೆ ಹಕ್ಕಿ ತೋರಿಸಿದೆ, ತಿರುಗಿಯೂ ನೋಡಲಿಲ್ಲ. ಶಿವಮೊಗ್ಗದಲ್ಲಿ ಹಾಸ್ಟೆಲ್ ಗೇಟಿನ ಹತ್ತಿರ ಮಾತ್ರ ಹೇಳಿದೆ, "ನನ್ನ ವಿಷಯ ನಾನು ಹೇಳ್ತಿದ್ದೆ ಅಪ್ಪ. ಇಲ್ಲಾ ಹೇಳದೇನೂ ಇರ್ತಿದ್ದೆ."

ನಾನು ಯಾಕೆ ಹಾಗೆ ಮಾಡಿದೆ ಅಂದರೆ, ಆ ಸಂಕ, ಹಳ್ಳ ದಾಟುವ ಆ ಕಾಲುಸೇತುವೆ.

ನಿನಗೆ ಆಗ ಎಂಟು ವರ್ಷ. ಆಷಾಢದ ಮಳೆ, ಹಳ್ಳ ತುಂಬಿ ಕೆಂಪಾಗಿತ್ತು. ಎರಡು ಅಡಿಕೆ ದಬ್ಬೆ, ಹಿಡಿಯಲು ಒಂದು ಬಿದಿರು ಗಳ, ಅಷ್ಟೇ ಆ ಸಂಕ. ಪಕ್ಕದ ಮನೆ ಮಕ್ಕಳು ಓಡಿಕೊಂಡೇ ದಾಟಿದರು. ನೀನು ನಟ್ಟನಡುವೆ ನಿಂತೆ. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಅಂದುಕೊಂಡೆ. "ಎಡ, ಬಲ, ಎಡ" ಅಂತ ನಿನ್ನ ಕಾಲಿಗೆ ನೀನೇ ಹೇಳಿಕೊಡುತ್ತಿದ್ದೆ ಅಂತ ನನಗೆ ತಿಳಿದಿದ್ದು ಏಳು ವರ್ಷ ಆದಮೇಲೆ, ಥೆರಪಿಗೆ ಹೋದಾಗ ಮತ್ತೆ ಅದೇ ತುಟಿ ಅಲ್ಲಾಡಿದಾಗ. ಕೊನೆಗೆ ನೀನು ಅಂಬೆಗಾಲಿಟ್ಟು ದಾಟಿದೆ. ದಾಟಿದಳಲ್ಲ, ಅಷ್ಟು ಸಾಕಿತ್ತು. ನಾನು ಬಿಟ್ಟೆನಾ? ವಾಪಸ್ ಕರೆದು, "ನಾಟಕ ಸಾಕು, ನಡ್ಕೊಂಡು ದಾಟು" ಅಂದೆ. ಮೂರು ಸಲ. ಮೂರನೇ ಸಲಕ್ಕೆ ಕೊಡೆ ಕೈಜಾರಿ ಹಳ್ಳಕ್ಕೆ ಬಿತ್ತು. ಹಳದಿ ಕೊಡೆ, ಅಜ್ಜಿ ಕೊಡಿಸಿದ್ದು. ಅದು ತೋಟದ ತಿರುವಿನವರೆಗೆ ತಲೆಕೆಳಗಾಗಿ ತೇಲಿಕೊಂಡು ಹೋಯಿತು, ಒಳಗೆಲ್ಲ ಮಳೆನೀರು ತುಂಬಿಕೊಂಡು. ಅದಕ್ಕೂ ನಿನಗೇ ಬೈದೆ. ಮಂಡಿ ತರಚಿ ರಕ್ತ ಬರುತ್ತಿದ್ದದ್ದನ್ನು ಮನೆಗೆ ಹೋದಮೇಲೆ ಅಮ್ಮ ನೋಡಿದಳು, ನಾನಲ್ಲ.

ಈಗ ಅಲ್ಲಿ ಸಿಮೆಂಟಿನ ಸೇತುವೆ ಆಗಿದೆ. ಆದರೂ ರಾತ್ರಿ ಮಳೆ ಜೋರಾದರೆ ನನಗೆ ಆ ಕೊಡೆಯೇ ಕಾಣುತ್ತದೆ. ನಿನಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಇದುವರೆಗೆ ಬಂದಿಲ್ಲ.

ಡಿಸ್ಪ್ರಾಕ್ಸಿಯಾ ಅನ್ನುವ ಪದ ನಮ್ಮನೆಗೆ ಬರುವ ಹೊತ್ತಿಗೆ ನಿನಗೆ ಹದಿನೈದಾಗಿತ್ತು. ನೂರು ಮಕ್ಕಳಲ್ಲಿ 5-6 ಮಕ್ಕಳಿಗೆ ಇರುತ್ತದೆ ಅಂದಾಗ ನನಗೆ ನನ್ನ ಕ್ಲಾಸೇ ಕಣ್ಣಮುಂದೆ ಬಂತು. ಮೇಷ್ಟ್ರು "ಎಡವಟ್ಟು" ಅಂತ ಕರೆದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಇಬ್ಬರು ಮೂವರು. ಮೈಯಲ್ಲಿ ಶಕ್ತಿ ಇದೆ, ತಲೆಯಲ್ಲಿ ಬುದ್ಧಿ ಇದೆ, ಇದಾದ ಮೇಲೆ ಇದು ಅಂತ ಮಿದುಳು ಕೈಕಾಲಿಗೆ ಹೇಳುವಲ್ಲೇ ತೊಡಕು ಅಂತ ಅವತ್ತು ತಿಳಿಯಿತು. ಬೆಳೀತಾ ಹೋಗುತ್ತೆ ಅಂತ ಅಜ್ಜಿ ಈಗಲೂ ಹೇಳುತ್ತಾರೆ. ಜಾಸ್ತಿ ಜನಕ್ಕೆ ಪೂರ್ತಿ ಹೋಗುವುದಿಲ್ಲ. ಸಂಕ ಹೋಗಿ ಗ್ಯಾಸ್ ಒಲೆ, ಸಿಟಿ ಬಸ್ಸು, ಟೈಮು, ಬ್ಯಾಂಕಿನ ಫಾರಂ ಬರುತ್ತದೆ.

ಉಪದೇಶ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದರೂ. ಬಕೆಟ್ ಅರ್ಧ ತುಂಬಿಸಿ ಎರಡು ಸಲ ಹೋಗು. ಬಸ್ಸು ಪೂರ್ತಿ ನಿಂತಮೇಲೆ ಇಳಿ, ಕಂಡಕ್ಟರ್ "ಬೇಗ ಬೇಗ" ಅಂದರೆ ಅಂದುಕೊಳ್ಳಲಿ. ಸುಸ್ತಾದ ದಿನ ನಿನ್ನ ಕೈಯಲ್ಲಿ ಒಂದೂ ನಿಲ್ಲುವುದಿಲ್ಲ, ಅವತ್ತು ಬೇಗ ಮಲಗು. ಹೊಸ ಜಾಗದಲ್ಲಿ ಕಲಿತದ್ದೂ ಮೊದಲಿನಿಂದ ಕಲಿಯಬೇಕಾಗುತ್ತದೆ, ಗಾಬರಿ ಬೀಳಬೇಡ. ಸರ್ಟಿಫಿಕೇಟು ಫೈಲಿನ ಮೊದಲನೇ ಕವರಿನಲ್ಲಿದೆ. ಅದನ್ನು ಕೊಟ್ಟರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಓದು ತೊಡಕಾಗುವ ಡಿಸ್ಲೆಕ್ಸಿಯಾ ಜೊತೆಗೆ ಡಿಸ್ಪ್ರಾಕ್ಸಿಯಾ ಹೆಸರೂ ಇದೆ, ಯಾರೂ ಭಿಕ್ಷೆ ಹಾಕುತ್ತಿಲ್ಲ. ನೋಡು, ಶುರುವಾಯಿತು ನನ್ನ ಭಾಷಣ. ಕೊಡುವುದು ಬಿಡುವುದು ನಿನ್ನಿಷ್ಟ. ಕೊಟ್ಟರೆ ಒಳ್ಳೆಯದು. ಕೊಡು.

ತೀರ್ಥಹಳ್ಳಿಯಲ್ಲೇ ಓದಬಹುದಿತ್ತಲ್ವಾ ಅಂತ ಇವತ್ತೂ ಅನ್ನಿಸಿತು. ಆಮೇಲೆ ಅಂಗಳದ ಕಲ್ಲುಕಂಬ ಕಂಡಿತು. ಬೇರೆ ಮಕ್ಕಳು ವಾರದಲ್ಲಿ ಕಲಿಯುವ ಸೈಕಲ್ಲನ್ನು ನೀನು ಎಂಟು ತಿಂಗಳು ಕಲಿತೆ, ಅಡಿಕೆ ಹರಡಿದ್ದ ಜಾಗ ಬಿಟ್ಟು ಉಳಿದಷ್ಟರಲ್ಲೇ ಸುತ್ತುತ್ತಾ. ಹ್ಯಾಂಡಲ್ ಬಡಿದು ಕಂಬದ ಚಕ್ಕೆ ಎದ್ದ ಗುರುತು ಹಾಗೇ ಇದೆ. ಹೋದ ದೀಪಾವಳಿಗೆ ಸುಣ್ಣ ಹೊಡೆಯುವವನಿಗೆ ಅದೊಂದು ಜಾಗ ಬಿಟ್ಟು ಹೊಡಿ ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ನಿನ್ನನ್ನು ಕೇಳದೆ ಫೋನ್ ಮಾಡಿದ್ದು ತಪ್ಪು. ಅವತ್ತು ಬೇಡ ಬೇಡ ಅಂದರೂ ಮೂರು ಸಲ ದಾಟಿಸಿದೆ. ಈಗ ನೀನೇ ದಾಟುತ್ತೇನೆ ಅಂತ ಹೊರಟರೆ ರಟ್ಟೆ ಹಿಡಿದುಕೊಂಡೆ. ವಾರ್ಡನ್‌ಗೆ ಇನ್ನು ಫೋನ್ ಮಾಡುವುದಿಲ್ಲ. ಮೇಲಿನ ರೂಮು ಬೇಕಿದ್ದರೆ ನೀನೇ ಕೇಳು. ಮೆಟ್ಟಿಲು ಎಷ್ಟಿದೆ ಅಂತ ಮಾತ್ರ ಒಂದು ಮೆಸೇಜ್ ಹಾಕು.

ಭಾನುವಾರದ ಬಸ್ಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ನಿನಗೆ ತೆಗೆಯಲು ಸುಲಭ ಆಗಲಿ ಅಂತ ಮುಚ್ಚಳ ಸಡಿಲ ಮಾಡಿಟ್ಟಿದ್ದೆ. ಬಸ್ಸಿನಲ್ಲಿ ರಸ ಚೆಲ್ಲುತ್ತೆ ಅಂತ ಅಮ್ಮ ಬೈದು ಮತ್ತೆ ಬಿಗಿ ಮಾಡಿದ್ದಾಳೆ.

ಅಪ್ಪ