ಇಜಿಆರ್‌ಗೆ ತಗಡು ಬಡಿದರೆ ಮುಗೀತಾ?

ಮಾನ್ಯ ಸಂಪಾದಕರೇ,

ನನ್ನದು 2018ರ ಡೀಸೆಲ್ ಕಾರು, ಹೊಗೆ ನಿಯಮದ ಲೆಕ್ಕದಲ್ಲಿ ಬಿಎಸ್-4. ತೋಟದಿಂದ ಆಲ್ದೂರು ಪೇಟೆಗೆ ನಾಲ್ಕು ಕಿಲೋಮೀಟರ್, ದಿನಾ ಅಷ್ಟೇ ಓಡಾಟ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಪೇಟೆ ಬಂದಿರುತ್ತದೆ. ಒಮ್ಮೆ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಎಳೆಯಲೇ ಇಲ್ಲ. ಎರಡನೇ ಗೇರಿನಲ್ಲೂ ತಿಣುಕುತ್ತಾ, ಹಿಂದೆ ಕಪ್ಪು ಹೊಗೆ ಬಿಡುತ್ತಾ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ನೀರುದೋಸೆ ತಿನ್ನುವ ಮನಸ್ಸೂ ಉಳಿದಿರಲಿಲ್ಲ.

ಗ್ಯಾರೇಜಿನಲ್ಲಿ ತೋರಿಸಿದೆ. "ಇಜಿಆರ್ ಜಾಮ್ ಆಗಿದೆ ಸಾರ್, ಬ್ಲಾಕ್ ಮಾಡಿಬಿಡೋಣ. ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ" ಎಂದರು. ಇಜಿಆರ್ ಅಂದರೆ ಇಂಜಿನ್ ಹೊಗೆಯ ದಾರಿಯಲ್ಲಿರುವ ಒಂದು ವಾಲ್ವ್. ನಾನು ಹೂಂ ಅಂದೆ. ತಪ್ಪು ನನ್ನದೂ ಇದೆ, ಸುಮ್ನೆ ಅವರೊಬ್ಬರ ಮೇಲೆ ಹಾಕಲ್ಲ. ಬೋಲ್ಟ್ ಬಿಚ್ಚಿ, ನಡುವೆ ಒಂದು ಸ್ಟೀಲ್ ತಗಡು ಇಟ್ಟು ಬಿಗಿದರು. ಪಿಕಪ್ ಬಂತು ಕೂಡ. ಮೂರೇ ದಿನಕ್ಕೆ ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿಕೊಂಡಿತು. ಮತ್ತೆ ಹೋದರೆ, ಲ್ಯಾಪ್‌ಟಾಪ್ ಹಾಕಿ ಇಸಿಯುನಲ್ಲೇ, ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲೇ, ಆಫ್ ಮಾಡಿದರೆ ಲೈಟೂ ಹೋಗುತ್ತೆ ಅಂತ ಇನ್ನೊಂದು ಬಿಲ್ಲಿನ ಮಾತು. ಅಲ್ಲಿ ನನಗೆ ಅನುಮಾನ ಬಂತು.

ಇಂಜಿನ್ನಿಂದ ಹೊರಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಒಳಗೆ ಹೋಗುವ ಗಾಳಿಗೆ ಬೆರೆಸುವ ವಾಲ್ವ್ ಈ ಇಜಿಆರ್. ಬಿಟ್ಟ ಹೊಗೆಯನ್ನೇ ಮತ್ತೆ ಕುಡಿಸುವುದು ಹುಚ್ಚಲ್ವಾ ಅಂತ ನನಗೂ ಅನಿಸಿತ್ತು. ಆದರೆ ಹಾಗೆ ಬೆರೆಸಿದರೆ ಆಮ್ಲಜನಕ ಕಮ್ಮಿಯಾಗಿ ಒಳಗಿನ ಉರಿಯ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ನೈಟ್ರೋಜನ್ ಆಕ್ಸೈಡ್ ಹುಟ್ಟುವುದೂ ಕಮ್ಮಿ. ಉಬ್ಬಸ ಇರುವವರಿಗೆ ಆ ಗಾಳಿ ಆಗುವುದಿಲ್ಲ. ಬಿಸಿಲಿಗೆ ಸಿಕ್ಕರೆ ಅದರಿಂದ ಓಝೋನ್ ಆಗುತ್ತದೆ, ಗಿಡದ ಎಲೆಗೂ ಅದು ಕೆಟ್ಟದ್ದೇ. ತೋಟದವರು ನಾವೇ ಇದನ್ನು ಮಾಡಿಸಿಕೊಳ್ಳುತ್ತಿದ್ದೇವೆ, ನೋಡಿ.

ಇನ್ನು ಪಿಕಪ್ ವಿಷಯ. ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸಾಮಾನ್ಯವಾಗಿ ಇಜಿಆರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನನ್ನದರಲ್ಲಿ ಮಸಿ ಕಟ್ಟಿ ಮುಚ್ಚದೆ ಉಳಿದಿತ್ತು, ಅಷ್ಟೇ. ತಗಡು ಬಡಿದಾಗ ಬಂದದ್ದು ಹೊಸ ಶಕ್ತಿಯಲ್ಲ, ವಾಲ್ವ್ ಕ್ಲೀನ್ ಮಾಡಿಸಿದ್ದರೂ ಬರುತ್ತಿದ್ದ ಶಕ್ತಿಯೇ. ಬೇರೊಬ್ಬರ ಹತ್ತಿರ ತಗಡು ತೆಗೆಸಿ, ವಾಲ್ವೂ, ಇಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡೂ ಬಿಚ್ಚಿ ತೊಳೆಸಿದೆ. ಒಳಗೆ ಎಣ್ಣೆ, ಮಸಿ ಕಲೆತು ಡಾಂಬರಿನ ಹಾಗೆ ಕೂತಿತ್ತು. ಬಿಲ್ಲು ಹೊಸ ವಾಲ್ವಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಲೈಟ್ ಹೋಯಿತು, ಗಾಡಿ ಚೆನ್ನಾಗಿದೆ. ಈಗ ಆಗಾಗ ಹಾಸನದ ತನಕ ಒಂದೇ ಓಟ ಓಡಿಸುತ್ತೇನೆ, ಇಂಜಿನ್ ಸರಿಯಾಗಿ ಬಿಸಿಯಾಗಲಿ ಅಂತ.

ನಾನು ಬರೆಯಲು ಕೂತದ್ದು ಮಾತ್ರ ಇನ್ನೊಂದು ಕಾರಣಕ್ಕೆ. ತಗಡು ಇದ್ದ ದಿನಗಳಲ್ಲೇ ನನ್ನ ಎಮಿಷನ್ ಸರ್ಟಿಫಿಕೇಟ್ ಮುಗಿದಿತ್ತು. ಪೆಟ್ರೋಲ್ ಬಂಕಿನ ಪಕ್ಕದ ಸೆಂಟರಿನಲ್ಲಿ ನಾಲ್ಕು ಸಲ ರೇಸ್ ಕೊಟ್ಟರು, ಪಾಸ್! ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಅನ್ನುವುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಇಜಿಆರ್ ಮುಚ್ಚಿದರೆ ಮಸಿ ಕಮ್ಮಿಯಾಗುವುದರಿಂದ ಆ ಗಾಡಿ ಇನ್ನೂ ಸುಲಭವಾಗಿ ಪಾಸಾಗುತ್ತದೆ. ಕಾನೂನು ಇಲ್ಲ ಅಂತಲ್ಲ. ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಗ್ಯಾರೇಜಿನಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲ.

ಎಮಿಷನ್ ಸೆಂಟರಿನಲ್ಲಿ ಕಡೇ ಪಕ್ಷ ಇಂಜಿನ್ ಲೈಟ್ ಉರಿಯುತ್ತಿದೆಯಾ ಅಂತ ನೋಡಲಿ, ಇಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಹಾಕಲಿ. ಲ್ಯಾಪ್‌ಟಾಪಿನಲ್ಲಿ ಆಫ್ ಮಾಡಿಸಿದವರು ಅದರಲ್ಲಿ ಸಿಗಲಿಕ್ಕಿಲ್ಲ. ಹಾಗಾಗಿ ಹಳದಿ ಬೋರ್ಡಿನ ಗಾಡಿಗಳು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬಂದಾಗ ಆರ್‌ಟಿಒದವರು ಬಾನೆಟ್ ಎತ್ತಿ ಇಜಿಆರ್ ಪೈಪನ್ನೂ ಒಮ್ಮೆ ನೋಡಲಿ.

– ಒಬ್ಬ ಕಾಫಿ ಬೆಳೆಗಾರ, ಆಲ್ದೂರು, ಚಿಕ್ಕಮಗಳೂರು