ರಾತ್ರಿ ಊಟಕ್ಕೆ ನಿಮ್ಮೂರ ಝುಣಕ

ಗೆಳೆಯಾ,

"ದಿನಾ ರಾತ್ರಿ ಅದ ಚಪಾತಿ, ಅದ ಬಟಾಟಿ ಪಲ್ಯ, ಸಾಕಾಗೇತಿ. ಹೊಸದೇನರ ಇದ್ರ ಹೇಳಪಾ" ಅಂತ ಬರೆದಿದ್ದೀಯ. ನಮ್ಮ ಮನೆಯಲ್ಲೂ ಅನ್ನ-ಸಾರಿನ ಮೇಲೆ ಇದೇ ಮುನಿಸು ಶುರುವಾಗಿತ್ತು ಮಾರಾಯ. ಯೂಟ್ಯೂಬ್ ನೋಡಿಕೊಂಡು ಪನೀರು, ಕ್ರೀಮು, ಕಸೂರಿ ಮೇಥಿ ಅಂತ ಒಂದಷ್ಟು ಕಾಲ ನಡೆಯಿತು. ರುಚಿಗೇನೂ ಮೋಸವಿಲ್ಲ, ಆದರೆ ಅವೆಲ್ಲ ಭಾನುವಾರದ ಅಡುಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಎಂಟಕ್ಕೆ ಮನೆ ಸೇರಿದವನು ಗೋಡಂಬಿ ನೆನೆಸಿ ರುಬ್ಬುತ್ತಾ ಕೂರುತ್ತಾನೆಯೇ? ವಾರದ ನಡುವೆ ಬೇಕಾಗುವುದು ದಣಿದು ಬಂದವರು ತಮಗೇ ಅಂತ ಮಾಡಿಕೊಂಡ ಅಡುಗೆ. ಹುಡುಕಿದರೆ ಅಂಥದ್ದು ನಮ್ಮಲ್ಲಿ ಜಿಲ್ಲೆಗೊಂದಿದೆ.

ನಾನು ಮೊದಲು ಹಿಡಿದದ್ದು ನಿಮ್ಮ ಝುಣಕವನ್ನೇ, ಅದೇ ಕಡಲೆಹಿಟ್ಟಿನ ಪಲ್ಯ. ಧಾರವಾಡದವನಿಗೆ ಸಾಗರದವನು ಝುಣಕ ಹೇಳಿಕೊಡುವುದು ಅಧಿಕಪ್ರಸಂಗ, ಗೊತ್ತು. ಆದರೂ ಕೇಳು. ಎಣ್ಣೆಗೆ ಕೈ ಬಿಗಿ ಮಾಡುವುದಿಲ್ಲ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಆಮೇಲೆ ಈರುಳ್ಳಿ. ಅದು ಬಾಡಿದ ಮೇಲೆ ಅರಿಶಿನ, ಉಪ್ಪು, ಒಂದು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರು. ನೀರು ಮರಳುವಾಗ ಎಡಗೈಯಲ್ಲಿ ಕಡಲೆಹಿಟ್ಟು ಉದುರಿಸುತ್ತಾ ಬಲಗೈಯಲ್ಲಿ ತಿರುವುತ್ತಾ ಹೋಗಬೇಕು. ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಮುಚ್ಚಿಡುವುದು. ಬಾಣಲೆಯ ತಳಕ್ಕೆ ಕಂದು ಬಣ್ಣದ ಚಕ್ಕೆ ಕಟ್ಟುತ್ತದಲ್ಲ, ಅದನ್ನು ಕೆರೆದುಕೊಳ್ಳಲು ನಮ್ಮಲ್ಲಿ ಜಗಳ. ಮೊಸರು, ಹಸಿ ಈರುಳ್ಳಿ, ಅಂಗಡಿಯಿಂದ ತಂದ ಕಡಕ್ ಜೋಳದ ರೊಟ್ಟಿ. ರೊಟ್ಟಿ ತಟ್ಟುವ ಧೈರ್ಯ ನನಗಿನ್ನೂ ಬಂದಿಲ್ಲ, ಬರುವುದೂ ಬೇಡ ಅನಿಸಿದೆ.

ಇನ್ನು ನಿನಗೆ ಹೊಸದಾಗುವುದು ನಮ್ಮ ತಂಬುಳಿ. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಒಂದು ಕಡ್ಡಿ ನೆಟ್ಟರೂ ಬರುತ್ತದೆ. ಹತ್ತು-ಹನ್ನೆರಡು ಎಲೆ, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿ. ಎಲೆ ಮುದುಡಿ ಬಣ್ಣ ಮಾಸಿದರೆ ಸಾಕು. ಒಂದು ಹಿಡಿ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ ಒಗ್ಗರಣೆ ಕೊಡು. ಮತ್ತೆ ಒಲೆಯ ಮೇಲೆ ಇಡಲೇಬೇಡ, ಒಡೆದುಹೋಗುತ್ತದೆ. ಒಂದೆಲಗ ಸಿಕ್ಕಿದರೆ ಹುರಿಯುವ ಕೆಲಸವೂ ಇಲ್ಲ, ಹಸಿಯಾಗಿಯೇ ರುಬ್ಬಬಹುದು. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ, ನೆಂಚಿಕೊಳ್ಳಲು ಹಪ್ಪಳ. ಕುಕ್ಕರ್ ಕೂಗುವಷ್ಟರಲ್ಲಿ ಎಲ್ಲ ತಯಾರು. ಖಾರವಿಲ್ಲ ಅಂತ ನೀನು ಗೊಣಗುತ್ತೀಯ. ನಿಮ್ಮ ಕೆಂಪು ಚಟ್ನಿ ಪಕ್ಕಕ್ಕಿಟ್ಟುಕೋ, ಯಾರು ಬೇಡ ಅಂದರು?

ನಮ್ಮವಳ ತವರು ಮೈಸೂರಾದ್ದರಿಂದ ನುಚ್ಚಿನುಂಡೆಯೂ ಪಟ್ಟಿಗೆ ಸೇರಿದೆ. ಬೆಳಿಗ್ಗೆ ಹೊರಡುವಾಗ ತೊಗರಿಬೇಳೆ ನೆನೆಸಿ ಫ್ರಿಜ್ಜಿನಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ. ಸಂಜೆ ನೀರು ಬಸಿದು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಶುಂಠಿ, ಹಸಿಮೆಣಸು, ಉಪ್ಪು ಕಲಸಿ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಬೇಯಿಸುವುದು. ನುಣ್ಣಗಾದರೆ ಉಂಡೆ ಗಟ್ಟಿ, ಅದೊಂದೇ ಎಚ್ಚರಿಕೆ. ಜೊತೆಗೆ ಮಜ್ಜಿಗೆ ಹುಳಿ ಇರಬೇಕು ಅಂತ ಅವಳ ಹಟ. ನನಗೆ ಮೇಲೆ ತುಪ್ಪ ಬಿದ್ದರೆ ಸಾಕು. ಉಳಿದದ್ದನ್ನು ಮರುದಿನ ಪುಡಿ ಮಾಡಿ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿಯೂ ಆಯಿತು. ಮಗಳು ಮಾತ್ರ ಸಬ್ಬಸಿಗೆ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಇಡುತ್ತಾಳೆ.

ಈಗ ನನಗೊಂದು ಕೆಲಸ ಮಾಡಿಕೊಡು. ನಿಮ್ಮ ಮನೆಯ ಎಣ್ಣೆಗಾಯಿ ಬದನೆಕಾಯಿಗೆ ಶೇಂಗಾ ಎಷ್ಟು, ಗುರೆಳ್ಳು ಎಷ್ಟು ಅಂತ ಅವ್ವನನ್ನು ಕೇಳಿ ಬರೆ. "ಅಂದಾಜಿಗೆ ಹಾಕೂದು" ಅಂತ ಹೇಳಿದರೆ ಬಿಡಬೇಡ, ಪಕ್ಕದಲ್ಲೇ ನಿಂತು ಚಮಚದಲ್ಲಿ ಅಳೆದುಕೋ. ವೈನಿಗೂ ಮಕ್ಕಳಿಗೂ ಕೇಳಿದೆ ಅಂತ ಹೇಳು.

ನಿನ್ನ,
ಸಾಗರದ ಗೆಳೆಯ