ಶನಿವಾರದ ಮಾದರಿ ಪರೀಕ್ಷೆ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ಗಿಡಮೂಲದ ಪ್ಲಾಸ್ಟಿಕ್‌ನಲ್ಲಿ ಒಮ್ಮೆ ಬಳಸಿ ಬಿಸಾಡುವ ಸರ್ಜರಿ ಸಾಧನಗಳು ಅನ್ನೋ ನಮ್ಮ ಪ್ರಾಜೆಕ್ಟ್‌ನ ಮೊದಲ ಪರೀಕ್ಷೆ ಈ ಶನಿವಾರ ಬೆಳಿಗ್ಗೆ 10:30ಕ್ಕೆ, ಕಾಲೇಜಿನ ವರ್ಕ್‌ಶಾಪ್‌ನಲ್ಲಿ. ಫೋರ್ಸೆಪ್ಸ್ (ಹಿಡಿಯುವ ಚಿಮಟ) ಮತ್ತು ರಿಟ್ರ್ಯಾಕ್ಟರ್ (ಗಾಯದ ಅಂಚನ್ನು ಅಗಲಿಸಿ ಹಿಡಿಯುವ ಸಾಧನ) ತಂಡದವರು ಎಲ್ಲರೂ ಬರಬೇಕು. ಪ್ಯಾಕಿಂಗ್ ತಂಡದಿಂದ ಒಬ್ಬರು ಬಂದರೆ ಸಾಕು.

ಮುಖ್ಯವಾದ ಮಾತು: ಪಿಎಲ್‌ಎ (ಗಿಡಮೂಲದ ಒಂದು ಪ್ಲಾಸ್ಟಿಕ್) ಮಾದರಿಗಳನ್ನು ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರಕ್ಕೆ, ಹಾಕಲೇಬೇಡಿ. ಅಲ್ಲಿ ಹಬೆ 121 ಡಿಗ್ರಿ ಇರುತ್ತದೆ. ಸಾಮಾನ್ಯ ಪಿಎಲ್‌ಎ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಫೋರ್ಸೆಪ್ಸ್ ಬಾಯಿ ಸೊಟ್ಟಗಾದ ಮೇಲೆ ಅಳತೆ ತೆಗೆದು ಏನು ಪ್ರಯೋಜನ? ಪಿಎಲ್‌ಎ ಮೇಲಿನ ರೋಗಾಣು ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲವೇ ವಾಸಿ. ಗಾಮಾ ಕಿರಣವೂ ಆಗುತ್ತದೆ, ಆದರೆ ಆಮೇಲೆ ಪಿಎಲ್‌ಎ ಪೆಡಸಾಗಬಹುದು, ಬಲ ಮತ್ತೆ ನೋಡಬೇಕು. ಹರಳೆಣ್ಣೆಯಿಂದ ತಯಾರಾಗುವ ನೈಲಾನ್ 11 ಕರಗುವುದು ಸುಮಾರು 185 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಆಟೋಕ್ಲೇವ್‌ಗೆ ಅದನ್ನು ಮಾತ್ರ ಹಾಕೋಣ. ಅದು ಮಣ್ಣಲ್ಲಿ ಕೊಳೆಯಲ್ಲ, ನೆನಪಿರಲಿ.

ಬರುವಾಗ ಪ್ರತಿ ವಿನ್ಯಾಸದ ಮೂರು ಮಾದರಿ ತನ್ನಿ. ಮೇಲೆ ವಸ್ತುವಿನ ಹೆಸರು, ತೂಕ, 3ಡಿ ಪ್ರಿಂಟ್ ಮಾಡಿದ ದಿಕ್ಕು ಬರೆದಿರಲಿ. ದಿಕ್ಕು ಬರೆಯದಿದ್ದರೆ ಯಾಕೆ ಮುರಿಯಿತು ಅಂತ ಗೊತ್ತಾಗಲ್ಲ.

ಪೋಸ್ಟರ್ ಮಾಡುವವರೇ, "ಬಳಸಿ, ಗೊಬ್ಬರ ಮಾಡಿ" ಅಂತ ಬರೆಯಬೇಡಿ. ರಕ್ತ ತಾಗಿದ ಸಾಧನ 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಬಣ್ಣದ ಚೀಲಕ್ಕೇ ಹೋಗಬೇಕು, ತಿಪ್ಪೆಗಲ್ಲ. ಪೆಟ್ರೋಲಿಯಂ ಕಚ್ಚಾವಸ್ತು ಕಡಿಮೆ ಬಳಸುತ್ತೇವೆ ಅಂತ ಹೇಳಿದರೆ ಸಾಕು ಅಲ್ವಾ?

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು, ತಂಡ ಹಾಕಿ. ಆಗದಿದ್ದವರು ಮಾದರಿಗಳನ್ನು ಯಾರ ಕೈಲಿ ಕಳಿಸುತ್ತೀರಿ ಅಂತ ತಿಳಿಸಿ.